ವಿರೋಧ ಪಕ್ಷದ ಮಾತಿಗೂ ಲೆಕ್ಕವಿದೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಒಂದು ಸಲ ನಾನು ಮಕ್ಕಳಿಗೆ ಹೊಸ ಕೆಲಸ ಕೊಟ್ಟೆ. ನಾಯಕರಾಗಲು ನಿಂತ ಪ್ರತಿಯೊಬ್ಬರೂ ಏನು ಮಾಡುತ್ತೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಫಲಿತಾಂಶ ಬಂದ ಮರುದಿನ ಒಬ್ಬ ಹುಡುಗ ಸೋತವರ ಹಾಳೆಗಳನ್ನು ಕಿತ್ತುಹಾಕುತ್ತಿದ್ದ. ಏಕೆ ಎಂದು ಕೇಳಿದೆ. "ಇವರು ಸೋತರಲ್ಲ ಮಿಸ್, ಇನ್ನು ಇದನ್ನು ಓದಿ ಏನು ಪ್ರಯೋಜನ?" ಎಂದ. ಆ ಪ್ರಶ್ನೆಗೆ ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ಇಂದು ನಿಮ್ಮೆಲ್ಲರ ಎದುರು ಕೊಡಲು ಪ್ರಯತ್ನಿಸುತ್ತೇನೆ.

ನಾನು ಎರಡು ಭಾಷೆಗಳನ್ನು ಕಲಿಸುವವಳು. ಕನ್ನಡದಲ್ಲಿ ನಾವು 'ವಿರೋಧ ಪಕ್ಷ' ಎನ್ನುತ್ತೇವೆ. ಉರ್ದುವಿನಲ್ಲಿ 'ಹಿಜ್ಬ್-ಎ-ಇಖ್ತಿಲಾಫ್' ಎನ್ನುತ್ತೇವೆ. ಇಖ್ತಿಲಾಫ್ ಎಂದರೆ ಅಭಿಪ್ರಾಯಭೇದ. ಹಗೆಗೆ ಉರ್ದುವಿನಲ್ಲಿ ದುಶ್ಮನಿ ಎಂಬ ಬೇರೆಯೇ ಪದವಿದೆ. ಅಭಿಪ್ರಾಯ ಬೇರೆ ಇರುವವನು ಶತ್ರುವಲ್ಲ. ಆದರೆ ಅವನ ಮೇಲೆ ಒಂದು ಹೊಣೆ ಇದೆ. "ನೀವು ಮಾಡುತ್ತಿರುವುದು ಸರಿಯಿಲ್ಲ" ಎಂದವನು "ಹಾಗಾದರೆ ಹೀಗೆ ಮಾಡಬೇಕು" ಎಂದೂ ಹೇಳಬೇಕು. ಆ ಎರಡನೆಯ ಮಾತಿಗೆ ಪ್ರಣಾಳಿಕೆ ಎಂದು ಹೆಸರು. ಉರ್ದುವಿನಲ್ಲಿ ಮನ್ಶೂರ್.

ಹಜರತ್ ಅಬೂಬಕರ್ (ರ) ಅವರು ಖಲೀಫರಾದ ಮೇಲೆ ಮಾಡಿದ ಮೊದಲ ಭಾಷಣವನ್ನು ನಮ್ಮ ಮಕ್ಕಳು ದೀನಿಯಾತ್ ಪಾಠದಲ್ಲಿ ಓದಿರುತ್ತಾರೆ. ಸರಿಯಾಗಿ ನಡೆದರೆ ನನಗೆ ನೆರವಾಗಿ, ತಪ್ಪಿದರೆ ನನ್ನನ್ನು ತಿದ್ದಿ ಎಂಬುದು ಅದರ ಸಾರ. ತಿದ್ದುವವರನ್ನು ಅವರು ದೂರ ಮಾಡಲಿಲ್ಲ, ಆ ಕೆಲಸಕ್ಕೆ ತಾವೇ ಕರೆದರು. ಆಳುವವರಿಗೆ ತಿದ್ದುವವರು ಬೇಕು ಎಂಬ ಮಾತು ನಮಗೆ ಪರದೇಶದಿಂದ ಬಂದದ್ದಲ್ಲ.

ಈಗ ನಿಮ್ಮನ್ನು ಒಂದು ಪುಟ್ಟ ದೇಶಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ವಿರೋಧ ಪಕ್ಷವೊಂದು ಹುಟ್ಟಿ, ಮಾತು ಕೊಟ್ಟು, ಗೆದ್ದು, ಸೋತ ಕಥೆಯೆಲ್ಲ ಹತ್ತೇ ವರ್ಷಗಳೊಳಗೆ ನಡೆದಿದೆ. ಆದ್ದರಿಂದ ಪಾಠ ಕಲಿಯಲು ಅದು ಅನುಕೂಲ.

ಅದು ಮಾಲ್ಡೀವ್ಸ್. ನಮ್ಮ ನೆರೆಯ ಮುಸ್ಲಿಂ ದೇಶ. ಸುಮಾರು 1,200 ಹವಳ ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು ಸುಮಾರು 200ರಲ್ಲಿ ಮಾತ್ರ. 2022ರ ಜನಗಣತಿಯಂತೆ ಅಲ್ಲಿ ಕೆಲಸಕ್ಕೆ ಬಂದಿರುವ ಹೊರದೇಶದವರೂ ಸೇರಿ ಐದು ಲಕ್ಷ ಚಿಲ್ಲರೆ ಜನ. 2011ರ ಜನಗಣತಿಯ ಲೆಕ್ಕದಲ್ಲಿ ನಮ್ಮ ಶಿವಮೊಗ್ಗ ನಗರ ಮತ್ತು ಭದ್ರಾವತಿಯನ್ನು ಸೇರಿಸಿದರೆ ಸುಮಾರು 4.7 ಲಕ್ಷ. ಅಂದರೆ ನಮ್ಮ ಎರಡು ಊರುಗಳನ್ನು ಸಮುದ್ರದ ಮೇಲೆ ಚೂರುಚೂರಾಗಿ ಹರಡಿದಂತೆ. ಅವರ ಭಾಷೆ ದಿವೆಹಿ. ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಆಡುವ ಮಹ್ಲ್ ಭಾಷೆ ಅದರದೇ ಒಂದು ರೂಪ. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಅಲ್ಲಿ ಕೆಲವು ಕಾಲ ಕಾಜಿಯಾಗಿದ್ದರು.

1965ರಲ್ಲಿ ಆ ದೇಶ ಬ್ರಿಟಿಷರಿಂದ ಸ್ವತಂತ್ರವಾಯಿತು. 1978ರಿಂದ 2008ರವರೆಗೆ 30 ವರ್ಷ ಮೌಮೂನ್ ಅಬ್ದುಲ್ ಗಯೂಮ್ ಒಬ್ಬರೇ ಅಧ್ಯಕ್ಷರು. ಅವರು ಅಲ್-ಅಝಹರ್‌ನಲ್ಲಿ ಓದಿದವರು. ಅವರ ಕಾಲದಲ್ಲಿ ಶಾಲೆಗಳು ಬೆಳೆದವು, ಪ್ರವಾಸೋದ್ಯಮ ಬೆಳೆಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಚುನಾವಣೆ ಎಂದರೆ ಮಜ್ಲಿಸ್ ಸೂಚಿಸಿದ ಒಬ್ಬರೇ ಅಭ್ಯರ್ಥಿ, ಜನರು 'ಹೌದು' ಅಥವಾ 'ಇಲ್ಲ' ಎನ್ನಬೇಕು. ಎರಡನೆಯ ಹೆಸರು ಇಲ್ಲ, ಎರಡನೆಯ ಪ್ರಣಾಳಿಕೆಯೂ ಇಲ್ಲ.

2003ರ ಸೆಪ್ಟೆಂಬರಿನಲ್ಲಿ ಜೈಲಿನಲ್ಲಿ ಒಬ್ಬ ಯುವಕ ಹೊಡೆತದಿಂದ ಸತ್ತ. ರಾಜಧಾನಿ ಮಾಲೆಯಲ್ಲಿ ಜನ ಸಿಟ್ಟಿಗೆದ್ದರು. ಅದೇ ನವೆಂಬರಿನಲ್ಲಿ ದೇಶದ ಹೊರಗೆ, ಶ್ರೀಲಂಕಾದಲ್ಲಿ, ಮಾಲ್ಡೀವಿಯನ್ ಡೆಮಾಕ್ರಟಿಕ್ ಪಾರ್ಟಿ ಹುಟ್ಟಿತು. ದೇಶದೊಳಗೆ ಪಕ್ಷಗಳಿಗೆ ಅನುಮತಿ ಸಿಕ್ಕಿದ್ದು 2005ರ ಜೂನ್‌ನಲ್ಲಿ. 2008ರ ಆಗಸ್ಟಿನಲ್ಲಿ ಹೊಸ ಸಂವಿಧಾನ ಬಂತು. ಅಕ್ಟೋಬರಿನಲ್ಲಿ ಮೊದಲ ಬಹುಪಕ್ಷ ಚುನಾವಣೆ. ಮೊದಲ ಸುತ್ತಿನಲ್ಲಿ ಗಯೂಮ್ ಸುಮಾರು ಶೇ. 40 ಮತ ಪಡೆದರು. ವಿರೋಧ ಪಕ್ಷದ ಮೊಹಮ್ಮದ್ ನಶೀದ್ ಪಡೆದದ್ದು ಸುಮಾರು ಶೇ. 25. ಅಕ್ಟೋಬರ್ 28ರ ಎರಡನೆಯ ಸುತ್ತಿನಲ್ಲಿ ಇತರ ವಿರೋಧಿ ಅಭ್ಯರ್ಥಿಗಳು ಬೆಂಬಲಿಸಿದ್ದರಿಂದ ನಶೀದ್ ಸುಮಾರು ಶೇ. 54 ಮತ ಪಡೆದು ಗೆದ್ದರು.

ಆ ಪಕ್ಷ ಜನರ ಮುಂದೆ ಏನು ಇಟ್ಟಿತ್ತು? ಘೋಷಣೆಯ ಹೆಸರು 'ಅನೆಹ್ ದಿವೆಹಿ ರಾಜ್ಜೆ', ಅಂದರೆ 'ಬೇರೊಂದು ಮಾಲ್ಡೀವ್ಸ್'. ಭರವಸೆಗಳು ಐದೇ ಐದು. ದ್ವೀಪದಿಂದ ದ್ವೀಪಕ್ಕೆ ಸಂಚಾರ ವ್ಯವಸ್ಥೆ, ಕೈಗೆಟಕುವ ಮನೆ, ಎಲ್ಲರಿಗೂ ಒಳ್ಳೆಯ ಚಿಕಿತ್ಸೆ, ಜೀವನ ವೆಚ್ಚ ಇಳಿಸುವುದು, ಮಾದಕ ವಸ್ತುಗಳ ಪಿಡುಗು ತಡೆಯುವುದು. ಓದುಗರೇ, ಈ ಪಟ್ಟಿಯ ಗುಣ ನೋಡಿ. ಬೆರಳಿನಲ್ಲಿ ಎಣಿಸಬಹುದು. ಮೀನುಗಾರನ ಹೆಂಡತಿಯೂ ನೆನಪಿಟ್ಟುಕೊಂಡು ಐದು ವರ್ಷದ ಮೇಲೆ "ಇದೇನಾಯಿತು?" ಎಂದು ಕೇಳಬಹುದು. ನಮ್ಮಲ್ಲಿ ಪುಸ್ತಕದಷ್ಟು ದಪ್ಪದ ಪ್ರಣಾಳಿಕೆಗಳು ಮತದಾನಕ್ಕೆ ಕೆಲವೇ ದಿನ ಇರುವಾಗ ಬರುತ್ತವೆ. ಅದನ್ನು ಓದುವವರೇ ಇಲ್ಲ, ಇನ್ನು ಕೇಳುವವರು ಎಲ್ಲಿಂದ ಬರಬೇಕು?

ಈಗ ಲೆಕ್ಕ ನೋಡೋಣ. ಚಿಕಿತ್ಸೆಯ ಭರವಸೆ: 2012ರ ಜನವರಿ 1ರಿಂದ 'ಆಸಂದ' ಎಂಬ ಸಾರ್ವತ್ರಿಕ ಆರೋಗ್ಯ ವಿಮೆ ಜಾರಿಗೆ ಬಂತು. ವೃದ್ಧರಿಗೆ 2009ರ ಪಿಂಚಣಿ ಕಾಯಿದೆ ಬಂತು. ಇವೆರಡನ್ನೂ ನಂತರ ಬಂದ ಯಾವ ಸರ್ಕಾರವೂ ತೆಗೆದುಹಾಕಲಿಲ್ಲ. ದೋಣಿ ಸಂಚಾರ: ಆರಂಭವಾಯಿತು, ಕುಂಟಿತು. ಅದೇ ಪಕ್ಷ 2018ರಲ್ಲಿ ಇಬ್ರಾಹಿಂ ಮೊಹಮ್ಮದ್ ಸಾಲಿಹ್ ಅವರ ನೇತೃತ್ವದಲ್ಲಿ ಮತ್ತೆ ಗೆದ್ದ ಮೇಲೆ, 2022ರಲ್ಲಿ ವೇಗದ ದೋಣಿಗಳ ಸರ್ಕಾರಿ ಸೇವೆ ಶುರುವಾಯಿತು. ಮಾತು ಕೊಟ್ಟು 14 ವರ್ಷ ಕಳೆದಿತ್ತು. ಜೀವನ ವೆಚ್ಚ: ಇಲ್ಲಿ ಪಕ್ಷ ಎಡವಿತು. 2011ರ ಏಪ್ರಿಲ್‌ನಲ್ಲಿ ಅಲ್ಲಿನ ನಾಣ್ಯ ರುಫಿಯಾದ ಬೆಲೆ ಡಾಲರಿನ ಎದುರು ಇಳಿಯಲು ಬಿಡಬೇಕಾಯಿತು. ಅಕ್ಕಿ, ಎಣ್ಣೆ, ಔಷಧಿ ಎಲ್ಲವೂ ಹೊರಗಿನಿಂದ ಬರುವ ದೇಶ ಅದು. ಬೆಲೆಗಳು ಏರಿದವು. ಮರುತಿಂಗಳೇ ಜನ ಬೀದಿಗೆ ಬಂದರು.

ಏಕೆ ಹೀಗಾಯಿತು? ಮನೆ, ಆಸ್ಪತ್ರೆ, ದೋಣಿ ಎಲ್ಲಕ್ಕೂ ಹಣ ಬೇಕು. ಆ ದೇಶದ ಆದಾಯ ಆಗ ಹೆಚ್ಚಾಗಿ ರೆಸಾರ್ಟ್ ದ್ವೀಪಗಳ ಬಾಡಿಗೆ, ಪ್ರವಾಸಿಗರ ಹಾಸಿಗೆ ತೆರಿಗೆ ಮತ್ತು ಆಮದು ಸುಂಕದಿಂದ ಬರುತ್ತಿತ್ತು. ಹೊಸ ತೆರಿಗೆಗಳು ಬಂದದ್ದು 2011ರಲ್ಲಿ. ಅವುಗಳಿಗೆ ಮಜ್ಲಿಸ್‌ನ ಒಪ್ಪಿಗೆ ಬೇಕಿತ್ತು. 2009ರ ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ 77ರಲ್ಲಿ ಬಹುಮತ ಸಿಕ್ಕಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಕೈಹಿಡಿದ ಮಿತ್ರರು ಒಬ್ಬೊಬ್ಬರಾಗಿ ದೂರವಾಗಿದ್ದರು. ಅಂದರೆ, ಗೆಲ್ಲುವ ಲೆಕ್ಕ ಮಾಡಿದ್ದ ಪಕ್ಷ ಆಳುವ ಲೆಕ್ಕವನ್ನು ಪೂರ್ತಿ ಮಾಡಿರಲಿಲ್ಲ.

ಕೊನೆಗೆ ಅವರನ್ನು ಕೆಡವಿದ್ದು ಈ ಐದು ಭರವಸೆಗಳಲ್ಲಿ ಯಾವುದೂ ಅಲ್ಲ. 2012ರ ಜನವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರನ್ನು ಸೇನೆಯಿಂದ ಬಂಧಿಸಲಾಯಿತು. ನ್ಯಾಯಾಂಗ ಇನ್ನೂ ಹಳೆಯ ಆಡಳಿತದ ಹಿಡಿತದಲ್ಲಿದೆ ಎಂಬುದು ಸರ್ಕಾರದ ವಾದ. ಇರಬಹುದು. ಆದರೆ ವಿಚಾರಣೆಯಿಲ್ಲದ ಬಂಧನದ ವಿರುದ್ಧ ಹೋರಾಡಿಯೇ ಆ ಪಕ್ಷ ಬೆಳೆದಿತ್ತು. ಮೂರು ವಾರ ಪ್ರತಿಭಟನೆ ನಡೆಯಿತು, ಪೊಲೀಸರಲ್ಲೇ ಒಂದು ಭಾಗ ತಿರುಗಿಬಿತ್ತು. ಫೆಬ್ರವರಿ 7ರಂದು ನಶೀದ್ ರಾಜೀನಾಮೆ ಕೊಟ್ಟರು. ಅದು ಬಲವಂತದಿಂದ ಪಡೆದದ್ದು ಎಂದು ಅವರು ಹೇಳಿದರು. ವಿಚಾರಣಾ ಆಯೋಗ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ನನಗೆ ಕಾಣುವ ಪಾಠ ಒಂದೇ. ವಿರೋಧದಲ್ಲಿದ್ದಾಗ ಬೇಡಿದ ನ್ಯಾಯವನ್ನು ಅಧಿಕಾರಕ್ಕೆ ಬಂದಾಗ ತನ್ನ ಎದುರಾಳಿಗೂ ಕೊಡುತ್ತೇನೆ ಎಂಬುದು ಪ್ರಣಾಳಿಕೆಯ ಬರೆಯದ ಮೊದಲ ಸಾಲು. ಅದನ್ನು ಮುರಿದ ಮೇಲೆ ಉಳಿದ ಸಾಲುಗಳನ್ನು ನಂಬುವವರು ಕಡಿಮೆಯಾಗುತ್ತಾರೆ. 2023ರಲ್ಲಿ ಆ ಪಕ್ಷ ಮೊಹಮ್ಮದ್ ಮುಇಝ್ಝು ಅವರ ಎದುರು ಸೋತು ಮತ್ತೆ ವಿರೋಧದ ಸಾಲಿಗೆ ಹೋಯಿತು.

"ಮಿಸ್, ಇದೆಲ್ಲ ಸಮುದ್ರದ ಆಚೆಯ ಮಾತು" ಎಂದು ನನ್ನ ವಿದ್ಯಾರ್ಥಿ ಹೇಳಬಹುದು. ಹಾಗಾದರೆ ನಮ್ಮ ಜಿಲ್ಲೆಗೇ ಬರೋಣ. ಗೆದ್ದು ಸೋತ ಪಕ್ಷದ ಕಥೆ ಕೇಳಿದಿರಿ. ಎಂದೂ ಸರ್ಕಾರ ಮಾಡದ ಪಕ್ಷವೊಂದರ ಕಥೆ ನಮ್ಮದೇ ಮಣ್ಣಿನಲ್ಲಿದೆ.

1951ರ ಏಪ್ರಿಲ್. ಸಾಗರ ತಾಲ್ಲೂಕಿನ ಕಾಗೋಡು. ಗೇಣಿದಾರರು ಭೂಮಾಲೀಕರಿಗೆ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಮಾಲೀಕರದು, ಅದು ಸರಿಯಾದ ಅಳತೆಗಿಂತ ದೊಡ್ಡದು. ರೈತ ಕೊಡುವುದು ಲೆಕ್ಕದಲ್ಲಿ ಒಂದು, ಕಣದಲ್ಲಿ ಇನ್ನೊಂದು. "ಕೊಳಗ ಸರಿ ಮಾಡಿ" ಎಂದದ್ದಕ್ಕೆ ಅವರನ್ನು ಹೊಲಕ್ಕೆ ಇಳಿಯಬಾರದು ಎಂದು ತಡೆದರು. ಎಚ್. ಗಣಪತಿಯಪ್ಪ ಅವರು ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ನೂರಾರು ಜನ ಜೈಲಿಗೆ ಹೋದರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ಬೆಳೆದವರು. 1952ರಲ್ಲಿ, ಆಮೇಲೆ 1962 ಮತ್ತು 1967ರಲ್ಲಿ ಶಾಸಕರಾದರು. ಮೂರು ಬಾರಿಯೂ ವಿರೋಧದ ಸಾಲಿನಲ್ಲೇ ಕುಳಿತರು, ಮಂತ್ರಿಯಾಗಲಿಲ್ಲ. ಅವರು ಹೇಳುತ್ತಿದ್ದುದು ಮುಖ್ಯವಾಗಿ ಮೂರು ವಿಷಯ: ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಗಬೇಕು. 1972ರ ಜೂನ್‌ನಲ್ಲಿ, 50 ತುಂಬುವ ಮೊದಲೇ, ಅವರು ತೀರಿಕೊಂಡರು. ಈ ಮೂರರಲ್ಲಿ ಯಾವುದೂ ಪೂರ್ತಿಯಾದದ್ದನ್ನು ಅವರು ಕಾಣಲಿಲ್ಲ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಭೂ ನ್ಯಾಯಮಂಡಳಿಗಳು ಬಂದವು. ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಿ ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಮಾಡಿದ ಮುಖ್ಯಮಂತ್ರಿ ದೇವರಾಜ ಅರಸರು, ಕಾಂಗ್ರೆಸ್ಸಿನವರು. ಅದರ ಶ್ರೇಯಸ್ಸು ಅವರದು, ಸಂಶಯವಿಲ್ಲ. ಆದರೆ 20 ವರ್ಷ ಆ ಮಾತನ್ನು ಸದನದಲ್ಲೂ ಬೀದಿಯಲ್ಲೂ ಸಾಯದಂತೆ ಕಾದದ್ದು ಸೋತವರು, ಜೈಲಿಗೆ ಹೋದವರು, ವಿರೋಧದಲ್ಲಿ ಕುಳಿತವರು.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಕಾಗೋಡಿನ ರೈತರು "ಸಮಾನತೆ ಬೇಕು" ಎಂದು ಮಾತ್ರ ಹೇಳಿದ್ದರೆ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಅವರು ಕೊಳಗ ತೋರಿಸಿದರು. ಅಳೆದು ನೋಡಬಹುದಾದ ವಸ್ತು ಅದು. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಸೂರಃ ಅಲ್-ಮುತಫ್ಫಿಫೀನ್. ರಾಜಕೀಯದ ಮಾತಿಗೂ ಅಳತೆ ಬೇಕೆಂದು ನಾವು ಕೇಳದಿದ್ದರೆ ಯಾರು ಕೇಳಬೇಕು?

ಈಗ ಭದ್ರಾವತಿಗೆ ಬನ್ನಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎಂ.ಪಿ.ಎಂ. ಹುಟ್ಟಿತು. ಕನ್ನಡ, ಉರ್ದು, ತಮಿಳು, ತೆಲುಗು, ಮಲಯಾಳಂ ಮಾತಾಡುವ ಎಷ್ಟೋ ಕುಟುಂಬಗಳ ಮಕ್ಕಳು ಆ ಶಿಫ್ಟಿನ ಸಂಬಳದಲ್ಲಿ ಓದಿ ಮುಂದೆ ಬಂದರು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ 'ಸೇಲ್'ನಲ್ಲಿ ವಿಲೀನವಾಯಿತು. 2016ರಲ್ಲಿ ಅದನ್ನು ಮಾರುವ ತೀರ್ಮಾನ, 2022ರಲ್ಲಿ ಕೊಳ್ಳುವವರ ಉತ್ಸಾಹವಿಲ್ಲದೆ ಆ ಪ್ರಯತ್ನ ರದ್ದು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಕಾಗದದ ಕಾರ್ಖಾನೆಯ ಉತ್ಪಾದನೆ ಅದಕ್ಕೂ ಮೊದಲೇ ನಿಂತಿತ್ತು.

ಈ ವರ್ಷಗಳಲ್ಲೆಲ್ಲ "ಕಾರ್ಖಾನೆ ಉಳಿಸುತ್ತೇವೆ" ಎಂದು ಹೇಳದ ಪಕ್ಷವಿಲ್ಲ. ವಿರೋಧದಲ್ಲಿದ್ದಾಗ ಹೇಳಿದವರು ಅಧಿಕಾರಕ್ಕೆ ಬಂದರು, ಅಧಿಕಾರದಲ್ಲಿದ್ದವರು ವಿರೋಧಕ್ಕೆ ಹೋಗಿ ಅದೇ ಮಾತು ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಯಾರಾದರೂ ಎದ್ದು ಕೇಳಿದೆವೇ: "ಅದಿರು ಯಾವ ಗಣಿಯಿಂದ ತರುತ್ತೀರಿ?" ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಸ್ವಂತ ಗಣಿಯಿಲ್ಲದಿದ್ದುದು ಆ ಕಾರ್ಖಾನೆಯ ದೊಡ್ಡ ತೊಂದರೆಯಾಗಿತ್ತು. ಹಳೆಯ ಯಂತ್ರಗಳನ್ನು ಬದಲಿಸಲು ಬಂಡವಾಳ ಯಾರು ಹಾಕುತ್ತಾರೆ? ಇದಕ್ಕೆ ಉತ್ತರವಿಲ್ಲದ ಭರವಸೆ ದೊಡ್ಡ ಕೊಳಗದಂತೆ. ತುಂಬಿದಂತೆ ಕಾಣುವುದಿಲ್ಲ, ಆದರೆ ನಮ್ಮ ಓಟನ್ನು ಮಾತ್ರ ಪೂರ್ತಿ ಅಳೆದುಕೊಳ್ಳುತ್ತದೆ.

ಓದುಗ ಬಾಂಧವರೇ, ಈಗ ನಮ್ಮ ಮನೆಯೊಳಗಿನ ಮಾತು. ಕಹಿಯಾಗಿದ್ದರೆ ಕ್ಷಮಿಸಿ. ಚುನಾವಣೆ ಬಂದಾಗ ನಮ್ಮ ಮನೆಗಳಲ್ಲಿ ಚರ್ಚೆ ಆಗುವುದು ಯಾರು ಬರಬಾರದು ಎಂಬುದರ ಬಗ್ಗೆ. ಆ ಭಯಕ್ಕೆ ಕಾರಣಗಳಿಲ್ಲ ಎಂದು ನಾನು ಹೇಳುವುದಿಲ್ಲ. ಗಲಾಟೆಯಾದ ದಿನ ಶಾಲೆಗೆ ರಜೆ ಕೊಟ್ಟು, ಮಕ್ಕಳು ಮನೆ ಸೇರಿದರೋ ಇಲ್ಲವೋ ಎಂದು ಪೋಷಕರಿಗೆ ಫೋನ್ ಮಾಡುತ್ತಾ ಕುಳಿತವಳು ನಾನು. ಆದರೆ ಭಯದಿಂದ ಮಾತ್ರ ಓಟು ಹಾಕುವವರಿಗೆ ಯಾವ ಪಕ್ಷವೂ "ನಿಮಗೆ ಏನು ಬೇಕು?" ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಇನ್ನು ಪ್ರಣಾಳಿಕೆ ಕೈಗೆ ಬಂದರೆ ನಾವು ನೇರವಾಗಿ 'ಅಲ್ಪಸಂಖ್ಯಾತರು' ಎಂಬ ಪುಟಕ್ಕೆ ಹೋಗುತ್ತೇವೆ. ಶಾದಿಮಹಲ್, ಖಬರಸ್ತಾನದ ಕಾಂಪೌಂಡು ಇದ್ದರೆ ಸಮಾಧಾನ. ಅವೂ ಬೇಕು. ಆದರೆ ಸರ್ಕಾರಿ ಆಸ್ಪತ್ರೆಯ ಪುಟ ನಮ್ಮದಲ್ಲವೇ? ಶಿಕ್ಷಕರ ನೇಮಕಾತಿಯ ಪುಟ, ತುಂಗೆ ಮತ್ತು ಭದ್ರೆಗೆ ಸೇರುವ ಚರಂಡಿ ನೀರಿನ ಪುಟ, ಮುಚ್ಚಿದ ಕಾರ್ಖಾನೆಯ ಪುಟ ನಮ್ಮದಲ್ಲವೇ? ಒಂದೇ ಪುಟ ಓದುವವರಿಗೆ ಒಂದೇ ಪುಟ ಬರೆದುಕೊಡುತ್ತಾರೆ.

ಹಾಗಾದರೆ ಹೇಗೆ ಓದಬೇಕು? ನಾನು ಮಕ್ಕಳಿಗೆ ನಾಲ್ಕು ಪ್ರಶ್ನೆ ಹೇಳಿಕೊಡುತ್ತೇನೆ. ಇದನ್ನು ಅಳೆಯಬಹುದೇ? ಹಣ ಎಲ್ಲಿಂದ? ಇದನ್ನು ಮಾಡುವ ಅಧಿಕಾರ ಇವರಿಗಿದೆಯೇ, ಅಂದರೆ ನಗರಪಾಲಿಕೆಯದೋ, ರಾಜ್ಯದ್ದೋ, ಕೇಂದ್ರದ್ದೋ? ಕೊನೆಯದು, ಅಧಿಕಾರಕ್ಕೆ ಬಂದ ಮೇಲೆ ತಮ್ಮ ವಿರೋಧಿಗೂ ಇದೇ ನ್ಯಾಯ ಕೊಡುತ್ತಾರೆಯೇ? ಈ ಪ್ರಶ್ನೆಗಳನ್ನು ನಮಗೆ ಹಿಡಿಸದ ಪಕ್ಷಕ್ಕೆ ಕೇಳುವುದು ಸುಲಭ. ನಮಗೆ ಹಿಡಿಸಿದ ಪಕ್ಷಕ್ಕೂ ಕೇಳಬೇಕು, ಅದೇ ಕಷ್ಟ. ಓಟು ನಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ ಒಪ್ಪಿಸುವಾಗ ರಸೀದಿ ಕೇಳುವುದು ಅವಮರ್ಯಾದೆಯಲ್ಲ.

ಕೊನೆಯದಾಗಿ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನು ಕಿತ್ತುಹಾಕುತ್ತಿದ್ದ ಹಾಳೆಗಳಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದೂ ಇತ್ತು. ಗೆದ್ದವನು ಹೋಂವರ್ಕ್ ಕಡಿಮೆ ಮಾಡಿಸುತ್ತೇನೆ ಎಂದು ಬರೆದಿದ್ದ. ಇವಳು ಬರೆದದ್ದು ಒಂದೇ ಸಾಲು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಅಂಗಡಿಯಲ್ಲಿ ವಿಚಾರಿಸಿದ್ದೇನೆ, ಚಿಲಕಕ್ಕೆ 60 ರೂಪಾಯಿ. ಅವಳು ಸೋತಳು. ಆದರೆ ಹಾಳೆ ಗೋಡೆಯ ಮೇಲಿತ್ತು, ಅದರಲ್ಲಿ ಬೆಲೆಯೂ ಇತ್ತು. ಓದಿದವರಿಗೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಮುಂದಿನ ವಾರ ಚಿಲಕ ಬಂತು. ಹಾಕಿಸಿದವನು ಗೆದ್ದ ನಾಯಕ. ಹೋಂವರ್ಕ್ ಇನ್ನೂ ಅಷ್ಟೇ ಇದೆ.

ನೋಡು ಮಗು, ಸೋತವರ ಹಾಳೆಯನ್ನು ಅದಕ್ಕೇ ಕೀಳಬಾರದು.

ಪೋಷಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಚುನಾವಣೆ ಬಂದಾಗ, ಅದು ನಗರಪಾಲಿಕೆಯದೇ ಆಗಲಿ ವಿಧಾನಸಭೆಯದೇ ಆಗಲಿ, ಎರಡು ಪಕ್ಷಗಳ ಪ್ರಣಾಳಿಕೆ ಮನೆಗೆ ತನ್ನಿ. ಹೈಸ್ಕೂಲು ಓದುವ ಮಗ ಅಥವಾ ಮಗಳಿಂದ ಊಟದ ನಂತರ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪದಕ್ಕೆ ಗುರುತು ಹಾಕಿಸಿ. ಫಲಿತಾಂಶ ಬಂದ ಮೇಲೆ ಎರಡನ್ನೂ ಎತ್ತಿಡಿ, ರದ್ದಿಗೆ ಹಾಕಬೇಡಿ. ಐದು ವರ್ಷದ ನಂತರ ಆ ಮಕ್ಕಳೇ ಮತದಾರರಾಗಿ ಅದನ್ನು ತೆಗೆದು ನೋಡಲಿ.

ಒಳ್ಳೆಯದನ್ನು ಗುರುತಿಸುವ ಕಣ್ಣು, ತಪ್ಪನ್ನು ಮರ್ಯಾದೆಯಿಂದ ಹೇಳುವ ನಾಲಿಗೆ, ಎರಡನ್ನೂ ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.